ಮಾತ್ರೆ ಬಿಡದಿರಿ, ನೋವು ಮರೆಮಾಚದಿರಿ

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮುಗಿದ ಅನೇಕ ತಾಯಂದಿರಿಗೆ ವೈದ್ಯರು 5 ವರ್ಷ, ಕೆಲವರಿಗೆ 10 ವರ್ಷಗಳವರೆಗೆ ಹಾರ್ಮೋನ್ ಚಿಕಿತ್ಸೆಯ ಮಾತ್ರೆ ನೀಡುತ್ತಾರೆ. ಈಸ್ಟ್ರೋಜನ್ ಹಾರ್ಮೋನಿನ ಬಲದಿಂದ ಬೆಳೆಯುವ ರೋಗವು ಮರುಕಳಿಸದಂತೆ ತಡೆಯುವುದೇ ಇದರ ಉದ್ದೇಶ. ಟ್ಯಾಮಾಕ್ಸಿಫೆನ್ ಆ ಹಾರ್ಮೋನನ್ನು ಸ್ತನದ ಜೀವಕೋಶಗಳಲ್ಲಿ ತಡೆಯುತ್ತದೆ. ಲೆಟ್ರೋಜೋಲ್ ಅದರ ಉತ್ಪತ್ತಿಯನ್ನೇ ಕುಗ್ಗಿಸುತ್ತದೆ.

ಇದರಿಂದ ಮೈ ಬಿಸಿಯೇರಿ ಬೆವರುವುದು, ನಿದ್ರಾಭಂಗ, ಕೀಲುನೋವು, ಯೋನಿಯ ಶುಷ್ಕತೆ ಕಾಣಿಸಬಹುದು. ಸಂಕೋಚದಿಂದ ಯಾರಿಗೂ ಹೇಳದೆ ಮಾತ್ರೆಯನ್ನೇ ನಿಲ್ಲಿಸಿದವರನ್ನು ನಾವು ಕಂಡಿದ್ದೇವೆ. ಇದು ಸಲ್ಲದು, ರೋಗ ಮರಳುವ ಅಪಾಯ ಹೆಚ್ಚುತ್ತದೆ.

ಹತ್ತಿಯ ಸಡಿಲ ಉಡುಪು, ಖಾರ ಮತ್ತು ಕಾಫಿಯಲ್ಲಿ ಮಿತಿ ಕೆಲವರ ಬಿಸಿಯನ್ನು ತಗ್ಗಿಸುತ್ತವೆ. ನಿತ್ಯದ ನಡಿಗೆ ಕೀಲುಗಳಿಗೆ ಹಿತ. ಲೆಟ್ರೋಜೋಲ್ ಮೂಳೆಗಳನ್ನು ದುರ್ಬಲಗೊಳಿಸಬಹುದಾದ್ದರಿಂದ ಮೂಳೆಯ ಸಾಂದ್ರತೆಯ ಪರೀಕ್ಷೆ ಅಗತ್ಯ. ಟ್ಯಾಮಾಕ್ಸಿಫೆನ್ ಸೇವಿಸುವವರಿಗೆ ಅಸಹಜ ರಕ್ತಸ್ರಾವವಾದರೆ, ಒಂದು ಕಾಲು ಊದಿಕೊಂಡರೆ, ಏಕಾಏಕಿ ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಾಟಿ ಔಷಧಿಯನ್ನು ವೈದ್ಯರಿಗೆ ತಿಳಿಸದೆ ಸೇವಿಸಬಾರದು.

ಬಾಧೆ ಸಹಿಸಲಾಗದಿದ್ದರೆ ವೈದ್ಯರು ಉಪಶಮನ ನೀಡಬಲ್ಲರು, ಮಾತ್ರೆಯನ್ನೇ ಬದಲಿಸಬಲ್ಲರು. ಆದರೆ ಅವರಿಗೆ ಹೇಳಿದರೆ ತಾನೇ ತಿಳಿಯುವುದು? ಮನೆಯ ಯಜಮಾನರು, ಮಕ್ಕಳು, ಸೊಸೆಯಂದಿರು "ಈಗ ಗುಣವಾಯಿತಲ್ಲ" ಎಂದು ಸುಮ್ಮನಾಗದೆ, ಆ ತಾಯಿಯ ಮಾತಿಗೆ ಕಿವಿಗೊಡಬೇಕೆಂದು ನಮ್ಮ ವಿನಂತಿ.