ಸೋಲಾರ್ ಟ್ಯಾಂಕಿ ಸೋರಿದರೆ ಎಂ-ಸೀಲ್ ಮೆತ್ತಿದರಾಯಿತೇ?

ತಾರಸಿಯ ಸೋಲಾರ್ ವಾಟರ್ ಹೀಟರ್ ಕೆಳಗೆ ನೀರು ತೊಟ್ಟಿಕ್ಕಿದ ಕೂಡಲೇ ಬೆಂಗಳೂರಿನ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: "ಪೈಪ್ ಕೂಡಿಸಿದ ಕಡೆ ವೆಲ್ಡಿಂಗ್ ಬಿಟ್ಟಿದೆ, ಒಂಚೂರು ಎಂ-ಸೀಲ್ ಮೆತ್ತಿ." ಎಷ್ಟೋ ಸಲ ಇದರಲ್ಲಿ ರೋಗ ಪತ್ತೆಯೂ ತಪ್ಪು, ಮದ್ದೂ ತಪ್ಪು.

ನೀರು ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಎಂದುಕೊಳ್ಳುತ್ತೇವೆ. ಆದರೆ ಒಳಗಿನ ಟ್ಯಾಂಕಿಗೂ ಹೊರಗಿನ ತಗಡಿಗೂ ನಡುವೆ ಶಾಖ ಹಿಡಿದಿಡುವ ಫೋಮ್ ತುಂಬಿರುತ್ತದೆ. ಸೋರಿದ ನೀರು ಅದರ ಸಂದಿಗೊಂದಿಗಳಲ್ಲಿ ಹರಿದು, ತಗಡಿನ ತಗ್ಗಿನ ಕಡೆ ಹೊರಬೀಳುತ್ತದೆ. ಹಾಗಾಗಿ ಪೈಪಿನ ಥ್ರೆಡ್, ಯೂನಿಯನ್, ಗಾಜಿನ ಕೊಳವೆಗಳ ರಬ್ಬರ್ ರಿಂಗ್ ಎಲ್ಲವನ್ನೂ ಮೊದಲು ಒರೆಸಿ ಒಣಗಿಸಿ ನೋಡಬೇಕು. ಹೊಸ ಟೆಫ್ಲಾನ್ ಟೇಪ್ ಸುತ್ತಿದರೇ ಕೆಲಸ ಮುಗಿಯಬಹುದು. ಬಿಗಿ ಮಾಡುವಾಗ ಮಾತ್ರ ಒಂದು ಪಾನಾದಲ್ಲಿ ಟ್ಯಾಂಕಿಯ ಸಾಕೆಟ್ ಹಿಡಿದು, ಇನ್ನೊಂದರಲ್ಲಿ ಪೈಪ್ ತಿರುಗಿಸಿ. ಒಂದೇ ಪಾನಾದಲ್ಲಿ ಜೋರು ತೋರಿಸಿದರೆ ನೆಟ್ಟಗಿದ್ದ ವೆಲ್ಡಿಂಗ್ ಕೂಡ ಬಿರುಕು ಬಿಟ್ಟೀತು.

ಎಂ-ಸೀಲ್ ಪುಟ್ಟಿ ಕೆಟ್ಟ ವಸ್ತುವೇನಲ್ಲ. ಚೆನ್ನಾಗಿ ಉಜ್ಜಿ ಒಣಗಿಸಿದ ಲೋಹದ ಮೇಲೆ ಕೆಲಕಾಲ ನಿಂತೀತು. ಆದರೆ ಒಳಗಿನ ನೀರು ಅದನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಟ್ಯಾಂಕಿ ದಿನವೂ ಕಾದು ಹಿಗ್ಗಿ, ತಣಿದು ಕುಗ್ಗುತ್ತದೆ. ಪುಟ್ಟಿ ಹಿಗ್ಗುವ ಲೆಕ್ಕವೇ ಬೇರೆ, ಸ್ಟೀಲಿನದೇ ಬೇರೆ. ಅಂಚು ಬಿಡುವುದು ಅಲ್ಲೇ. ಉಪ್ಪು ಕಟ್ಟಿಕೊಂಡು ಸೋರಿಕೆ ತಾನಾಗಿ ನಿಂತಿತು ಎಂದು ಸಮಾಧಾನಪಡುವವರೂ ಇದ್ದಾರೆ. ಆ ಬಿಳಿ ಹಕ್ಕಳೆಯ ಅಡಿಯಲ್ಲಿ ಲೋಹ ಸವೆಯುತ್ತಲೇ ಇರುತ್ತದೆ.

ಇನ್ನು ಬೈಗುಳವೆಲ್ಲ ವೆಲ್ಡಿಂಗ್ ಮಾಡಿದವನಿಗೆ. ಅವನ ಪರವಾಗಿ ಒಂದು ಮಾತು ಹೇಳಲೇಬೇಕು. ಅನೇಕ ವೇಳೆ ಬೆಸುಗೆ ಗಟ್ಟಿಯಾಗಿಯೇ ಇರುತ್ತದೆ, ತೂತು ಬೀಳುವುದು ಅದರ ಪಕ್ಕದ ತಗಡಿನಲ್ಲಿ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದು ಕ್ರೋಮಿಯಂ ದೆಸೆಯಿಂದ. ವೆಲ್ಡಿಂಗ್ ಶಾಖದಲ್ಲಿ, ಸುಮಾರು 425ರಿಂದ 850 ಡಿಗ್ರಿ ಸೆಲ್ಸಿಯಸ್ ನಡುವೆ, ಆ ಕ್ರೋಮಿಯಂ ಇಂಗಾಲದ ಜೊತೆ ಸೇರಿಕೊಂಡು ಅಲ್ಲಲ್ಲಿ ಲೋಹ ಬಡವಾಗುತ್ತದೆ. ಇಂಗಾಲ ಶೇಕಡಾ 0.03 ಮೀರದ 304ಎಲ್, 316ಎಲ್ ದರ್ಜೆಯ ಸ್ಟೀಲ್ ಬಂದಿದ್ದೇ ಇದಕ್ಕಾಗಿ. ಇದರ ಮೇಲೆ ಕ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರು ಬಿಸಿಬಿಸಿಯಾಗಿ ನಿಂತರೆ 'ಸ್ಟೇನ್‌ಲೆಸ್' ಎಂಬ ಹೆಸರು ಕಾಪಾಡುವುದಿಲ್ಲ.

"ಗೇಟ್ ಮಾಡುವವನ ಹತ್ತಿರ ಒಂದು ಟಚ್ ಕೊಡಿಸಿದರಾಯಿತು" ಎನ್ನುವುದು ಅಪಾಯದ ಸಲಹೆ. ಕಬ್ಬಿಣಕ್ಕೆ ಬಳಸುವ ಸಾಮಾನ್ಯ ರಾಡ್ ಇಲ್ಲಿ ನಡೆಯದು. ಬ್ಯಾಕಪ್ ಕಾಯಿಲ್‌ನ ಕರೆಂಟ್ ತೆಗೆದು, ಟ್ಯಾಂಕಿ ಖಾಲಿ ಮಾಡಿ, ಬಿರುಕನ್ನು ಪೂರ್ತಿ ಉಜ್ಜಿ ತೆಗೆದು, ಒಳಬದಿಗೂ ಆರ್ಗಾನ್ ಹಾಯಿಸಿ ಟಿಗ್ ವೆಲ್ಡಿಂಗ್ ಮಾಡಬೇಕು. ಸುತ್ತಲಿನ ಫೋಮನ್ನು ಮೊದಲೇ ಕತ್ತರಿಸಿ ತೆಗೆಯದಿದ್ದರೆ ಅದು ಸುಟ್ಟು ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಯನೈಡ್‌ನಂಥ ವಿಷಾನಿಲ ಬರುತ್ತದೆ. ಒಳಗೆ ಗಾಜಿನ ಲೇಪವಿರುವ ಕಬ್ಬಿಣದ ಟ್ಯಾಂಕಿಯಾದರೆ ವೆಲ್ಡಿಂಗ್ ಯೋಚನೆಯನ್ನೇ ಬಿಡಿ. ಹೊರಗಿನ ಶಾಖಕ್ಕೆ ಒಳಗಿನ ಲೇಪ ಒಡೆಯುತ್ತದೆ. ಅದನ್ನು ಬದಲಿಸುವುದೇ ದಾರಿ.

ಬೆಸುಗೆಗೆ ಕುತ್ತು ತರುವ ಇನ್ನೊಂದು ನಂಬಿಕೆಯಿದೆ: ಟ್ಯಾಂಕಿಯ ಏರ್ ವೆಂಟ್ ಮುಚ್ಚಿದರೆ ನೀರು ಹೆಚ್ಚು ಹೊತ್ತು ಬಿಸಿ ಇರುತ್ತದಂತೆ! 200 ಲೀಟರ್ ನೀರು 25ರಿಂದ 75 ಡಿಗ್ರಿಗೆ ಕಾದರೆ ಸುಮಾರು ನಾಲ್ಕೂವರೆ ಲೀಟರ್‌ನಷ್ಟು ಹಿಗ್ಗುತ್ತದೆ. ಒತ್ತಡ ತಡೆಯಲೆಂದು ಮಾಡಿರದ ಟ್ಯಾಂಕಿಯಲ್ಲಿ ಆ ಭಾರವೆಲ್ಲ ಬೀಳುವುದು ಬೆಸುಗೆಗಳ ಮೇಲೆಯೇ.

ರಿಪೇರಿ ಮುಗಿಯಿತೆಂದು ಮಧ್ಯಾಹ್ನವೇ ನೀರು ಬಿಡಬೇಡಿ. ಬಿಸಿಲಿಗೆ ಒಡ್ಡಿಕೊಂಡ ಖಾಲಿ ಗಾಜಿನ ಕೊಳವೆಯ ಒಳಗೆ 200 ಡಿಗ್ರಿ ದಾಟಬಹುದು, ತಣ್ಣೀರು ಬಿದ್ದರೆ ಸಿಡಿಯುತ್ತದೆ. ಬೆಳಗಿನಿಂದಲೇ ಟಾರ್ಪಾಲು ಹೊದಿಸಿಟ್ಟು, ಮರುದಿನ ಬಿಸಿಲೇರುವ ಮೊದಲು ತುಂಬಿಸಿ.