ಎದೆನೋವು ಮತ್ತು ಮೊದಲ ಒಂದು ಗಂಟೆ: ಹೃದಯದ ಕಾರ್ಯ, ಹೃದ್ರೋಗಗಳು ಹಾಗೂ ಸದಸ್ಯರ ಪಾತ್ರ



ಹೃದಯಾಘಾತಕ್ಕೆ ಒಳಗಾದವರ ಪ್ರಾಣ ಉಳಿಯುವುದೇ ಇಲ್ಲವೇ ಎಂಬುದು ಬಹುಮಟ್ಟಿಗೆ ಮೊದಲ ಒಂದೆರಡು ಗಂಟೆಗಳಲ್ಲಿಯೇ ನಿರ್ಧಾರವಾಗುತ್ತದೆ. ಆಲ್ದೂರಿನಿಂದ ಜಿಲ್ಲಾ ಕೇಂದ್ರಕ್ಕೆ ಇರುವ ದೂರ ಸುಮಾರು 20 ಕಿ.ಮೀ. ಮಾತ್ರ. ಆದರೆ ತೋಟದೊಳಗಿನ ಕಚ್ಚಾ ರಸ್ತೆ, ತಿರುವುಗಳು, ಮಳೆಗಾಲದಲ್ಲಿ ಅಡ್ಡ ಬೀಳುವ ಮರಗಳು ಮತ್ತು ಸಿಗದ ಮೊಬೈಲ್ ಸಂಪರ್ಕ ಇವೆಲ್ಲವೂ ಸೇರಿದಾಗ ಆ ದೂರವೇ ಬಹಳವಾಗುತ್ತದೆ. ಕಳಸ ಭಾಗದ ಹಳ್ಳಿಗಳಿಗೆ ದಾರಿ ಇದರ ಹಲವು ಪಟ್ಟು. ಇಂತಹ ವೇಳೆಯಲ್ಲಿ ಮೊದಲ ಕರೆ ಬರುವುದು ಅನೇಕ ಬಾರಿ ವಾರ್ಡಿನ ಸದಸ್ಯರಿಗೇ. ಆದ್ದರಿಂದ ಹೃದಯದ ರಚನೆ ಮತ್ತು ರೋಗಗಳ ಕುರಿತು ಪ್ರಾಥಮಿಕ ತಿಳಿವಳಿಕೆ ಪ್ರತಿಯೊಬ್ಬ ಸದಸ್ಯರಿಗೂ ಅವಶ್ಯಕವಾಗಿದೆ.

ಹೃದಯ ಕೆಲಸ ಮಾಡುವ ಬಗೆ

ಹೃದಯವು ಎದೆಗೂಡಿನ ನಡುವೆ ಸ್ವಲ್ಪ ಎಡಕ್ಕೆ ವಾಲಿಕೊಂಡಿರುವ, ಮುಷ್ಟಿಗಾತ್ರದ ಸ್ನಾಯುವಿನ ಅಂಗ. ವಯಸ್ಕರಲ್ಲಿ ಇದರ ತೂಕ ಸುಮಾರು 300 ಗ್ರಾಂ. ಇದು ದಿನವೊಂದಕ್ಕೆ ಸುಮಾರು 1 ಲಕ್ಷ ಬಾರಿ ಬಡಿದು, ನಿಮಿಷಕ್ಕೆ ಸುಮಾರು 5 ಲೀಟರಿನಂತೆ ದಿನಕ್ಕೆ 7,000 ಲೀಟರಿನಷ್ಟು ರಕ್ತವನ್ನು ಹರಿಸುತ್ತದೆ. ಕುಡಿಯುವ ನೀರಿನ ಯೋಜನೆಗಳನ್ನು ನಿರ್ವಹಿಸುತ್ತಿರುವ ನಮಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಹೃದಯವೆಂದರೆ ಒಂದೇ ಗೋಡೆಯ ಎರಡು ಬದಿಗೆ ಕೂರಿಸಿದ ಎರಡು ಪಂಪುಗಳು. ಬಲಬದಿಯ ಪಂಪು ಮೈಯಿಂದ ಮರಳಿದ ರಕ್ತವನ್ನು ಆಮ್ಲಜನಕಕ್ಕಾಗಿ ಶ್ವಾಸಕೋಶಕ್ಕೆ ಕಳುಹಿಸುತ್ತದೆ. ಎಡಬದಿಯದು ಶುದ್ಧಗೊಂಡ ರಕ್ತವನ್ನು ಇಡೀ ದೇಹಕ್ಕೆ ದೂಡುತ್ತದೆ.

ಪ್ರತಿ ಬದಿಯಲ್ಲಿಯೂ ರಕ್ತ ಬಂದು ಸೇರುವ ಹೃತ್ಕರ್ಣ ಮತ್ತು ರಕ್ತವನ್ನು ಹೊರದೂಡುವ ಹೃತ್ಕುಕ್ಷಿ ಎಂಬ ಎರಡು ಕೋಣೆಗಳಿವೆ. ಹರಿದ ರಕ್ತ ಹಿಂದಕ್ಕೆ ಬಾರದಂತೆ ನಾಲ್ಕು ಕವಾಟಗಳು ತಡೆಯುತ್ತವೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಹುಟ್ಟುವ ಸಣ್ಣ ವಿದ್ಯುತ್ ಸಂಕೇತವು ಪ್ರತಿ ಬಡಿತಕ್ಕೂ ಅಪ್ಪಣೆ ಕೊಡುತ್ತದೆ. ಇಸಿಜಿ ಯಂತ್ರವು ಕಾಗದದ ಮೇಲೆ ಬರೆಯುವುದು ಈ ವಿದ್ಯುತ್ತಿನ ನಡೆಯನ್ನೇ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕೋಣೆಗಳ ತುಂಬ ರಕ್ತವಿದ್ದರೂ ಹೃದಯದ ಸ್ನಾಯು ತನಗೆ ಬೇಕಾದ ಪೋಷಣೆಯನ್ನು ನೇರವಾಗಿ ಅದರಿಂದ ಪಡೆಯುವುದಿಲ್ಲ. ಹೃದಯದ ಹೊರಮೈಯನ್ನು ಬಳಸಿ ಹರಡಿರುವ, ಕೆಲವೇ ಮಿಲಿಮೀಟರ್ ಅಗಲದ ಪರಿಧಮನಿಗಳೇ ಅದಕ್ಕೆ ರಕ್ತ ಒದಗಿಸಬೇಕು. ಈ ಕಿರುನಾಳಗಳು ಕಟ್ಟಿಕೊಂಡರೆ ತೊಂದರೆ ಆರಂಭವಾಗುತ್ತದೆ.

ಸಾಮಾನ್ಯ ಹೃದ್ರೋಗಗಳು

ಹೃದಯಾಘಾತ: ಪರಿಧಮನಿಯ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಸೇರಿ ನಾಳ ಕಿರಿದಾಗುತ್ತದೆ. ನಡೆಯುವಾಗ ಅಥವಾ ಏರು ಹತ್ತುವಾಗ ಎದೆ ಹಿಡಿದಂತಾಗಿ, ನಿಂತರೆ ಕಡಿಮೆಯಾಗುವುದು ಇದರ ಮುನ್ಸೂಚನೆ. ಒಂದು ದಿನ ಆ ಕೊಬ್ಬಿನ ಪದರ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದಾಗ ಹೃದಯಾಘಾತವಾಗುತ್ತದೆ. ಆ ಭಾಗದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯತೊಡಗುತ್ತದೆ. ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ.

ಹೃದಯಸ್ತಂಭನ: ಇದು ಹೃದಯಾಘಾತಕ್ಕಿಂತ ಭಿನ್ನ. ವಿದ್ಯುತ್ ವ್ಯವಸ್ಥೆ ಏಕಾಏಕಿ ಕೆಟ್ಟು ಪಂಪು ನಿಲ್ಲುತ್ತದೆ; ವ್ಯಕ್ತಿ ಕುಸಿದು ಪ್ರಜ್ಞೆ ಮತ್ತು ಉಸಿರನ್ನು ಕಳೆದುಕೊಳ್ಳುತ್ತಾನೆ. ಹೃದಯಾಘಾತವು ಇದಕ್ಕೆ ಒಂದು ಮುಖ್ಯ ಕಾರಣ.

ಹೃದಯ ವೈಫಲ್ಯ: ಹಳೆಯ ಆಘಾತ ಅಥವಾ ದೀರ್ಘಕಾಲದ ಅಧಿಕ ರಕ್ತದೊತ್ತಡದಿಂದ ಸ್ನಾಯು ದುರ್ಬಲವಾಗುವ ಸ್ಥಿತಿ. ಕಾಲು ಊತ, ಮಲಗಿದಾಗ ಉಸಿರುಗಟ್ಟುವಿಕೆ ಇದರ ಲಕ್ಷಣಗಳು.

ಕವಾಟದ ರೋಗ: ಇಕ್ಕಟ್ಟಾದ ಮನೆಗಳಲ್ಲಿ ವಾಸಿಸುವ ಮಕ್ಕಳಲ್ಲಿ ಇದರ ಅಪಾಯ ಹೆಚ್ಚು. ತೋಟದ ಲೈನ್ ಮನೆಗಳಿರುವ ನಮ್ಮ ಪಂಚಾಯಿತಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. 5ರಿಂದ 15 ವರ್ಷದ ಮಕ್ಕಳಲ್ಲಿ ಕೆಲವು ಬಗೆಯ ಗಂಟಲು ಸೋಂಕಿಗೆ ಚಿಕಿತ್ಸೆ ದೊರೆಯದಿದ್ದರೆ, ಕೆಲವು ವಾರಗಳ ನಂತರ ಕೀಲುನೋವು ಮತ್ತು ಜ್ವರ ಬಂದು ಕವಾಟಕ್ಕೆ ಶಾಶ್ವತ ಹಾನಿಯಾಗಬಹುದು. ಮೂರು-ನಾಲ್ಕು ವಾರಗಳಿಗೊಮ್ಮೆ ವರ್ಷಗಳ ಕಾಲ ಕೊಡುವ ಪೆನಿಸಿಲಿನ್ ಚುಚ್ಚುಮದ್ದಿನಿಂದ ರೋಗ ಮರುಕಳಿಸದಂತೆ ತಡೆಯಬಹುದು. ಕುಟುಂಬ ಕೆಲಸಕ್ಕಾಗಿ ತೋಟದಿಂದ ತೋಟಕ್ಕೆ ಹೋದಾಗ ಈ ಚುಚ್ಚುಮದ್ದು ತಪ್ಪದಂತೆ ನೋಡಿಕೊಳ್ಳುವುದು ಮುಖ್ಯ.

“ಗ್ಯಾಸ್ಟ್ರಿಕ್” ಎಂಬ ಅಪಾಯಕಾರಿ ಊಹೆ

ಎದೆಯ ನಡುವೆ ಭಾರ ಅಥವಾ ಹಿಂಡಿದಂತಹ ನೋವು, ಅದು ಎಡಗೈ, ದವಡೆ, ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ವಾಕರಿಕೆ, ಉಸಿರಾಟದ ತೊಂದರೆ – ಇವು ಹೃದಯಾಘಾತದ ಲಕ್ಷಣಗಳು. ಹೊಟ್ಟೆಯ ಮೇಲ್ಭಾಗದಲ್ಲಿಯೂ ನೋವು ಕಾಣಿಸಿಕೊಳ್ಳುವುದರಿಂದ ಸೋಡಾ ಅಥವಾ ಜೀರಿಗೆ ಕಷಾಯ ಕುಡಿದು ಬೆಳಗಾಗಲಿ ಎಂದು ಕಾಯುವವರೇ ಹೆಚ್ಚು. ಮಹಿಳೆಯರು, ವೃದ್ಧರು ಮತ್ತು ಸಕ್ಕರೆ ಕಾಯಿಲೆಯವರಲ್ಲಿ ನೋವಿಲ್ಲದೆ ಬರಿಯ ಸುಸ್ತು ಅಥವಾ ಉಬ್ಬಸವಷ್ಟೇ ಇರಬಹುದು. ನೋವು ಹೊಟ್ಟೆಯದೋ ಹೃದಯದ್ದೋ ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸಲಾಗದು. ಅದಕ್ಕೆ ಇಸಿಜಿ ಬೇಕು. ಮೊದಲ ಇಸಿಜಿ ಸರಿಯಿದ್ದರೂ ನೋವು ಮುಂದುವರಿದರೆ ಮತ್ತೆ ಪರೀಕ್ಷಿಸಬೇಕಾಗುತ್ತದೆ.

ಲಭ್ಯವಿರುವ ವ್ಯವಸ್ಥೆ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು ತಮ್ಮ 46ನೆಯ ವಯಸ್ಸಿನಲ್ಲಿ ಹಠಾತ್ತನೆ ನಿಧನರಾದರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರವು 2023ರಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಜಾರಿಗೆ ತಂದಿತು. ಇದರಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂತಹ ದೊಡ್ಡ ಕೇಂದ್ರಗಳ ತಜ್ಞರು ದೂರದಿಂದಲೇ ಪರಿಶೀಲಿಸುತ್ತಾರೆ. ಹೃದಯಾಘಾತ ಖಚಿತವಾದರೆ, ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ನೀಡಲಾಗುತ್ತದೆ. ನೋವು ಆರಂಭವಾದ ಮೊದಲ ಮೂರು ಗಂಟೆಗಳೊಳಗೆ ಕೊಟ್ಟರೆ ಇದರ ಪ್ರಯೋಜನ ಅತಿ ಹೆಚ್ಚು. ಇದು ಎಲ್ಲರಿಗೂ ಹೊಂದುವ ಔಷಧಿಯಲ್ಲವಾದುದರಿಂದ ವೈದ್ಯರ ತೀರ್ಮಾನವೇ ಅಂತಿಮ. ಚುಚ್ಚುಮದ್ದಿನ ನಂತರ ಆಂಜಿಯೋಗ್ರಾಂಗಾಗಿ ದೊಡ್ಡ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಆದರೆ ಚುಚ್ಚುಮದ್ದಿಲ್ಲದೆ ನೇರವಾಗಿ ಮಂಗಳೂರಿಗೋ ಬೆಂಗಳೂರಿಗೋ ಹೊರಟರೆ ಅಮೂಲ್ಯ ಗಂಟೆಗಳು ರಸ್ತೆಯಲ್ಲಿಯೇ ಕಳೆದುಹೋಗುತ್ತವೆ.

2025ರ ಜೂನ್‌ನಲ್ಲಿ ನೆರೆಯ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿಯಿಂದ ಆತಂಕಗೊಂಡ ಜನರು ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಸಾಲುಗಟ್ಟಿದ್ದು ತಮಗೆ ನೆನಪಿರಬಹುದು. ಸರ್ಕಾರ ನೇಮಿಸಿದ ತಜ್ಞರ ಸಮಿತಿಯು ಸಾವುಗಳಲ್ಲಿ ಅಸಹಜ ಏರಿಕೆ ಕಂಡುಬಂದಿಲ್ಲವೆಂದು ವರದಿ ನೀಡಿತು. ಮಧುಮೇಹ, ಅಧಿಕ ರಕ್ತದೊತ್ತಡ, ಧೂಮಪಾನ, ಮದ್ಯಪಾನ ಇವೇ ಹಳೆಯ ಕಾರಣಗಳು ಅಲ್ಲಿಯೂ ಎದ್ದು ಕಂಡವು. ಇವನ್ನು ಗುರುತಿಸಲು ಬೆಂಗಳೂರಿಗೆ ಹೋಗಬೇಕಿಲ್ಲ. 30 ವರ್ಷ ಮೇಲ್ಪಟ್ಟವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಮತ್ತು ಸಕ್ಕರೆ ತಪಾಸಣೆ ಉಚಿತವಾಗಿ ಲಭ್ಯವಿದೆ. ರಕ್ತದೊತ್ತಡ ಪದೇ ಪದೇ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರನ್ನು ಕಾಣಬೇಕು. ಸರಿಹೋಯಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ತಮ್ಮ ವ್ಯಾಪ್ತಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಸಿಜಿ ಯಂತ್ರವಿದೆಯೇ, ಯಾವ ವೇಳೆಯಲ್ಲಿ ಸಿಬ್ಬಂದಿ ಇರುತ್ತಾರೆ, ಹೆಪ್ಪು ಕರಗಿಸುವ ಚುಚ್ಚುಮದ್ದು ದೊರೆಯುವ ಅತಿ ಸಮೀಪದ ಆಸ್ಪತ್ರೆ ಯಾವುದು ಎಂಬುದನ್ನು ವೈದ್ಯಾಧಿಕಾರಿಗಳಿಂದ ಈಗಲೇ ತಿಳಿದು, ಪಂಚಾಯಿತಿ ಸೂಚನಾ ಫಲಕದಲ್ಲಿ ಬರೆಸುವುದು.

2. ಎದೆನೋವಿನ ಕರೆ ಬಂದ ಕೂಡಲೇ 108ಕ್ಕೆ ತಿಳಿಸುವುದು. ಆಂಬ್ಯುಲೆನ್ಸ್ ತಡವಾಗುವುದಾದರೆ ಬದಲಿ ವಾಹನಕ್ಕಾಗಿ ಪ್ರತಿ ವಾರ್ಡಿನಲ್ಲಿ ರಾತ್ರಿಯೂ ಸಿದ್ಧರಿರುವ ಚಾಲಕರ ಪಟ್ಟಿ ಇರಿಸಿಕೊಳ್ಳುವುದು. ರೋಗಿಯನ್ನು ನಡೆಸಬಾರದು, ರೋಗಿಯೇ ವಾಹನ ಓಡಿಸಲು ಬಿಡಬಾರದು.

3. ಕುಸಿದ ವ್ಯಕ್ತಿಗೆ ಪ್ರಜ್ಞೆಯಿಲ್ಲದೆ ಉಸಿರಾಟವೂ ಸಹಜವಾಗಿಲ್ಲದಿದ್ದರೆ, ಎದೆಯ ಮಧ್ಯಭಾಗವನ್ನು ಎರಡೂ ಕೈಗಳಿಂದ ಸುಮಾರು 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಿರುವುದು. ಈ ತರಬೇತಿಯನ್ನು ಆರೋಗ್ಯ ಇಲಾಖೆಯ ಸಹಕಾರದೊಂದಿಗೆ ನೀರುಗಂಟಿಗಳು, ಚಾಲಕರು, ತೋಟದ ಮೇಸ್ತ್ರಿಗಳು ಮತ್ತು ಯುವಕ-ಯುವತಿಯರಿಗೆ ಕೊಡಿಸುವುದು.

4. ಕಾಫಿ ಕೊಯ್ಲು ಆರಂಭವಾಗುವ ಮುನ್ನ, ಕೂಲಿ ತಪ್ಪದಂತೆ ಸಂಜೆ ಅಥವಾ ರಜಾದಿನದಲ್ಲಿ ಲೈನ್ ಮನೆಗಳ ಬಳಿಯೇ ತಪಾಸಣಾ ಶಿಬಿರ ನಡೆಸುವುದು. ಕನ್ನಡ ಬಾರದ ಹೊರರಾಜ್ಯದ ಕಾರ್ಮಿಕರಿಗೆ 108ರ ಬಳಕೆಯನ್ನು ಅವರ ಭಾಷೆ ಬಲ್ಲವರಿಂದ ತಿಳಿಸುವುದು.

5. ತೋಟದಿಂದ ಮುಖ್ಯ ರಸ್ತೆಗೆ ಬರುವ ದಾರಿಯಲ್ಲಿ ವಾಹನ ಸಿಲುಕುವ ಜಾಗಗಳನ್ನು ಗುರುತಿಸಿ, ಮಳೆಗಾಲಕ್ಕೆ ಮೊದಲೇ ದುರಸ್ತಿಗಾಗಿ ಕ್ರಿಯಾಯೋಜನೆಯಲ್ಲಿ ಸೇರಿಸುವುದು.

ಔಷಧಿ ತಾಲ್ಲೂಕು ಆಸ್ಪತ್ರೆಯವರೆಗೆ ಬಂದಿದೆ. ಅಲ್ಲಿಂದ ರೋಗಿಯ ಮನೆಯವರೆಗಿನ ದಾರಿ, ವಾಹನ ಮತ್ತು ತಿಳಿವಳಿಕೆ ಗ್ರಾಮ ಪಂಚಾಯಿತಿಯ ಕೈಯಲ್ಲಿವೆ. ಈ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿಯೂ ವಾರ್ಡ್ ಸಭೆಗಳಲ್ಲಿಯೂ ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೋರಲಾಗಿದೆ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಆಲ್ದೂರು