ಕತ್ತಲಲ್ಲಿ ಹೊಳೆಯುವ ಚೇಗು

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿರುವ ಓದುಗರೊಬ್ಬರು ಕೇಳಿದ್ದಾರೆ: ‘ಬಿರುಗಾಳಿಗೆ ನಮ್ಮ ಹಿತ್ತಲಿನಲ್ಲಿ ದೊಡ್ಡ ಮರವೊಂದು ಉರುಳಿತು. ಗಾಡಿಯ ಹಿಂದೆ ಗರಗಸದ ಯಂತ್ರ ಕಟ್ಟಿಕೊಂಡು ಬಂದು ಮನೆ ಬಾಗಿಲಲ್ಲೇ ಹಲಗೆ ಕೊಯ್ದುಕೊಡುವವರಿದ್ದಾರೆ ಇಲ್ಲಿ. ಅವರು ದಿಮ್ಮಿ ನೋಡಿ ಲೋಕಸ್ಟ್ ಅಂದರು. ಬ್ಲ್ಯಾಕ್ ಲೋಕಸ್ಟ್ ಆದರೆ ಬೇಲಿ ಕಂಬ ಮಾಡಿಸಿ, ಹನಿ ಲೋಕಸ್ಟ್ ಆದರೆ ಮಣ್ಣಿಗೆ ಹಾಕಬೇಡಿ ಅಂತ ಪಕ್ಕದ ಮನೆಯವರ ಸಲಹೆ. ಎಲೆಯೆಲ್ಲ ಉದುರಿಹೋಗಿದೆ. ಯಾವುದೆಂದು ತಿಳಿಯುವುದು ಹೇಗೆ?’

ಎಷ್ಟು ಒಳ್ಳೆಯ ಪ್ರಶ್ನೆ! ಮರಗಳ ಲೋಕದ ಅತಿ ಸುಂದರ ಸಂಗತಿಯೊಂದು ಇದರ ಉತ್ತರದಲ್ಲಿ ಅಡಗಿದೆ.

ಎರಡೂ ಉತ್ತರ ಅಮೆರಿಕದ ಮರಗಳು, ಎರಡೂ ನಮ್ಮ ಹೊಂಗೆ, ಹುಣಿಸೆಗಳ ದೊಡ್ಡ ಕುಟುಂಬಕ್ಕೆ ಸೇರಿದವು. ಕುಟುಂಬ ಒಂದೇ ಆದರೂ ಹತ್ತಿರದ ನೆಂಟರೇನಲ್ಲ. ಬ್ಲ್ಯಾಕ್ ಲೋಕಸ್ಟಿನ ಶಾಸ್ತ್ರೀಯ ಹೆಸರು ರೊಬಿನಿಯಾ ಸ್ಯೂಡೊಅಕೇಶಿಯಾ. ಫ್ರಾನ್ಸಿನ ಅರಸರ ತೋಟಗಾರರಾಗಿದ್ದ ರೊಬೆನ್ ಮನೆತನದ ನೆನಪಿಗೆ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು ಅದು. 1601ರಲ್ಲಿ ನೆಟ್ಟದ್ದೆಂದು ಹೇಳಲಾಗುವ ರೊಬಿನಿಯಾ ಮರವೊಂದು ಪ್ಯಾರಿಸ್ಸಿನ ಉದ್ಯಾನದಲ್ಲಿ ಕಾಂಕ್ರೀಟ್ ಆಸರೆಗೆ ಒರಗಿಕೊಂಡು ಈಗಲೂ ಹೂ ಬಿಡುತ್ತಿದೆ. ಹನಿ ಲೋಕಸ್ಟ್ ಗ್ಲೆಡಿಟ್ಸಿಯಾ ಎಂಬ ಬೇರೆಯೇ ಕುಲದ್ದು.

ಮರ ನಿಂತಿದ್ದಾಗ ಗುರುತು ಹಿಡಿಯುವುದು ಕಷ್ಟವಲ್ಲ. ಬ್ಲ್ಯಾಕ್ ಲೋಕಸ್ಟಿನ ತೊಗಟೆ ಆಳವಾಗಿ ಬಿರಿದು, ಹಗ್ಗಗಳನ್ನು ಹೆಣೆದ ಹಾಗೆ ಕಾಣುತ್ತದೆ. ಎಲೆಯ ಬುಡದಲ್ಲಿ ಜೋಡಿ ಮುಳ್ಳು, ಬೆರಳುದ್ದದ ಚಪ್ಪಟೆ ಕಾಯಿ. ಹನಿ ಲೋಕಸ್ಟಿಗೆ ಕಾಂಡದ ಮೇಲೆಯೇ ಕವಲೊಡೆದ ಭಯಂಕರ ಮುಳ್ಳುಗಳು, ಗೇಣುದ್ದಕ್ಕಿಂತ ಮೀರಿ ಬೆಳೆದು ತಿರುಚಿಕೊಳ್ಳುವ ಕಾಯಿಗಳು. ಮುಳ್ಳನ್ನೇ ನಂಬಿ ಕೂರುವಂತಿಲ್ಲ ಅನ್ನುವುದನ್ನು ಮಾತ್ರ ನೆನಪಿಡಿ. ಅಮೆರಿಕದ ಊರುಗಳ ರಸ್ತೆ ಬದಿಯಲ್ಲಿ, ಮನೆಯಂಗಳಗಳಲ್ಲಿ ನೆಟ್ಟಿರುವ ಹನಿ ಲೋಕಸ್ಟುಗಳಲ್ಲಿ ಬಹುಪಾಲು ಮುಳ್ಳಿಲ್ಲದ ತಳಿಯವು.

ಮರ ದಿಮ್ಮಿಯಾದ ಮೇಲೆ ಅದರ ತುದಿಯನ್ನು ನೋಡಬೇಕು. ಹರಿತವಾದ ಉಳಿಯಿಂದ ಒಂದಂಗುಲ ಜಾಗವನ್ನು ನುಣ್ಣಗೆ ಸವರಿ, ಒದ್ದೆ ಬೆರಳಾಡಿಸಿ, ಭೂತಗನ್ನಡಿ ಹಿಡಿಯಿರಿ. ಬ್ಲ್ಯಾಕ್ ಲೋಕಸ್ಟಿನಲ್ಲಿ ಹೊರಗಿನ ಬಿಳಿ ಭಾಗ ತೀರಾ ತೆಳುವು. ಒಳಗೆಲ್ಲ ಹಸಿರು ಬೆರೆತ ಹಳದಿ ಬಣ್ಣದ ಚೇಗು, ಗಾಳಿ ಬಿಸಿಲಿಗೆ ಒಡ್ಡಿದರೆ ಕ್ರಮೇಣ ಕಂದಾಗುತ್ತದೆ. ಹನಿ ಲೋಕಸ್ಟಿನ ಬಿಳಿ ಭಾಗ ಅಗಲ, ಚೇಗಿಗೆ ಕೆಂಪು ಛಾಯೆ. ಎರಡರಲ್ಲೂ ವರ್ಷದ ಉಂಗುರ ಶುರುವಾಗುವಲ್ಲಿ ದೊಡ್ಡ ರಂಧ್ರಗಳ ಸಾಲಿದೆ. ಹನಿ ಲೋಕಸ್ಟಿನಲ್ಲಿ ಆ ರಂಧ್ರಗಳು ಬಾಯ್ತೆರೆದಿರುತ್ತವೆ, ಅಲ್ಲಲ್ಲಿ ಕೆಂಪು ಅಂಟು ಕಾಣಬಹುದು. ಬ್ಲ್ಯಾಕ್ ಲೋಕಸ್ಟಿನಲ್ಲಿ ರಂಧ್ರಗಳಿರುವುದೇ ಮೊದಲಿಗೆ ತಿಳಿಯುವುದಿಲ್ಲ, ಅಷ್ಟು ಬಿಗಿಯಾಗಿ ಮುಚ್ಚಿಹೋಗಿರುತ್ತವೆ. ನೀರು ಹರಿಸಿ ಹರಿಸಿ ಕೆಲಸ ಮುಗಿಸಿದ ಕೊಳವೆಯೊಳಕ್ಕೆ ಪಕ್ಕದ ಜೀವಕೋಶಗಳು ಪುಟ್ಟ ಬಲೂನುಗಳಂತೆ ಉಬ್ಬಿ ನುಗ್ಗಿ ದಾರಿ ಕಟ್ಟಿಬಿಡುತ್ತವೆ. ಇವಕ್ಕೆ ಟೈಲೋಸಿಸ್ ಎನ್ನುತ್ತಾರೆ. ಗಾಜಿನ ಚೂರಿನಂತೆ ಮಿನುಗುವ ಈ ಬಿರಡೆಗಳನ್ನು ದಾಟಿ ನೀರು ಒಳಗೆ ಇಳಿಯುವುದು ಬಲು ಕಷ್ಟ.

ಇಷ್ಟಾದರೂ ಅನುಮಾನ ಹೋಗಲಿಲ್ಲವೆ? ಕತ್ತಲೆ ಕೋಣೆಗೆ ಹೋಗಿ. ಅಂಗಡಿಯವರು ನೋಟು ಪರೀಕ್ಷಿಸಲು ಇಟ್ಟುಕೊಳ್ಳುವ ನೇರಳಾತೀತ ಟಾರ್ಚನ್ನು ಚೇಗಿನ ಮೇಲೆ ಬಿಡಿ.

ಈ ಓದುಗರ ಕಡೆಯವರು ಬೆಂಗಳೂರಿಗೆ ಬರುವಾಗ ತೊಗಟೆ ತೆಗೆದು ಒಣಗಿಸಿದ ಅಂಗೈಯಗಲದ ತುಂಡೊಂದನ್ನು ತಂದುಕೊಟ್ಟರು. ಹಗಲಲ್ಲಿ ಅದೊಂದು ಸಾಧಾರಣ ಮರದ ಚೂರು. ಕಿಟಕಿ ಮುಚ್ಚಿ ಟಾರ್ಚ್ ಒತ್ತಿದ್ದೇ ತಡ, ಆ ಚೂರು ಹಸಿರುಗೂಡಿದ ಹಳದಿಯಾಗಿ ಝಗ್ಗೆಂದು ಬೆಳಗಿತು. ಬೆಳಕು ಬಿದ್ದು ಹೊಳೆಯುವ ಹೊಳಪಲ್ಲ ಇದು. ಮರವೇ ದೀಪ ಹಚ್ಚಿಕೊಂಡಂತಿತ್ತು. ಅಂಚಿನ ಬಿಳಿ ಭಾಗದಲ್ಲಿ ಈ ಹಳದಿಯಿಲ್ಲ. ಹಾಗಾಗಿ ಚೇಗು ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆದು ತೋರಿಸಿದಂತೆ ಕಾಣುತ್ತಿತ್ತು. ಮೇಲ್ಮೈ ಹಳತಾಗಿ ಕಂದಿದ್ದ ಕಡೆ ಹೊಳಪು ಮಂಕಾಗಿತ್ತು. ಕೀಸುಳಿಯಿಂದ ಒಂದು ಪದರ ಎತ್ತಿದೆ, ಅಲ್ಲಿಯೂ ಹೊಸ ಹಳದಿ ಎದ್ದು ಬಂತು. ಸುರುಳಿ ಸುತ್ತಿ ಬಿದ್ದ ಹತ್ತರಿ ಕೂಡ ಹೊಳೆಯುತ್ತಿತ್ತು. ಹನಿ ಲೋಕಸ್ಟಿಗೆ ಇದೇ ಟಾರ್ಚ್ ಹಿಡಿದರೆ ಇಂಥ ಬೆಳಕು ಬರುವುದಿಲ್ಲ. ಹೀಗೆ ಒಂದೇ ಕ್ಷಣದಲ್ಲಿ ಎರಡನ್ನೂ ಬೇರ್ಪಡಿಸಬಹುದು.

ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ನುಂಗಿ, ಕಾಣುವ ಬೆಳಕನ್ನು ಉಗುಳುವ ಈ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು. ಇದನ್ನು ನೋಡಲು ನಾವು ಅಮೆರಿಕದ ಮರವನ್ನೇ ತರಿಸಬೇಕಿಲ್ಲ. ನಮ್ಮ ಹೊನ್ನೆ ಮರದ ಚೇಗಿನ ಚಕ್ಕೆಯನ್ನು ಗಾಜಿನ ಲೋಟದ ನೀರಿಗೆ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ನೀರು ಚಹಾ ಬಣ್ಣಕ್ಕೆ ತಿರುಗಿರುತ್ತದೆ. ಲೋಟವನ್ನು ಬಿಸಿಲಿಗೆ ಹಿಡಿದು ಓರೆಯಾಗಿ ನೋಡಿದರೆ ಅಂಚಿನಲ್ಲಿ ನೀಲಿ ಆಡುತ್ತದೆ! ಮೆಕ್ಸಿಕೋದ ಒಂದು ಮರದ ಚಕ್ಕೆ ನೆನೆಸಿದ ನೀರಿನಲ್ಲೂ ಇಂಥದೇ ನೀಲಿಯನ್ನು ಕಂಡು ಯೂರೋಪಿನವರು ಬೆರಗಾಗಿದ್ದರು. 1664ರಲ್ಲಿ ವಿಜ್ಞಾನಿ ರಾಬರ್ಟ್ ಬಾಯ್ಲ್ ಆ ನೀರಿಗೆ ಆಮ್ಲ ಹಾಕಿ ನೀಲಿಯನ್ನು ಮಾಯ ಮಾಡಿದ, ಕ್ಷಾರ ಹಾಕಿ ಮತ್ತೆ ಬರಿಸಿದ. ಭೌತವಿಜ್ಞಾನಿ ಜಾರ್ಜ್ ಸ್ಟೋಕ್ಸ್ ಈ ವಿದ್ಯಮಾನಕ್ಕೆ ಹೆಸರಿಟ್ಟದ್ದು 1852ರಲ್ಲಿ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಹೊನ್ನೆ ಮರದ ಲೋಟ ಮಾರುವ ಕೆಲವರು ಈ ನೀಲಿಯನ್ನೇ ತೋರಿಸಿ ‘ನೋಡಿ, ಮರದ ಶಕ್ತಿ ನೀರಿಗೆ ಇಳಿದಿದೆ, ಇನ್ನು ಸಕ್ಕರೆ ಕಾಯಿಲೆ ಮಾತ್ರೆ ಬೇಕಿಲ್ಲ’ ಎನ್ನುತ್ತಾರೆ. ಇದು ಅಪಾಯದ ಮಾತು. ಹೊನ್ನೆಯ ಔಷಧ ಗುಣವನ್ನು ನೀಲಿ ನೋಡಿ ಅಲ್ಲ, ಪರೀಕ್ಷೆ ಮಾಡಿಯೇ ತಿಳಿಯಬೇಕು. ಬಟ್ಟೆ ಸೋಪಿನ ಪುಡಿಯೂ ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಅದನ್ನು ಯಾರೂ ಕುಡಿಯುವುದಿಲ್ಲ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಲೋಟ ನಂಬಿ ಬಿಡಬೇಡಿ.

ಬ್ಲ್ಯಾಕ್ ಲೋಕಸ್ಟಿಗೆ ಮರಳೋಣ. ಆ ಹಳದಿ ಬೆಳಕಿಗೆ ಕಾರಣ ಚೇಗಿನಲ್ಲಿ ತುಂಬಿರುವ ರೊಬಿನೆಟಿನ್, ಡೈಹೈಡ್ರೊರೊಬಿನೆಟಿನ್ ಗುಂಪಿನ ರಾಸಾಯನಿಕಗಳು. ಮರವನ್ನು ತಿನ್ನುವ ಶಿಲೀಂಧ್ರಗಳನ್ನು ತಡೆಯುವ ಪಡೆಯಲ್ಲೂ ಇವೇ ಮುಂದಿವೆ. ಅಂದರೆ ಟಾರ್ಚಿನ ಕೆಳಗೆ ನಿಮಗೆ ಕಾಣುವುದು ಮರ ತನ್ನ ಕಾವಲಿಗೆ ಇಟ್ಟುಕೊಂಡ ಸರಕು! ನನಗೆ ಈ ಮರದ ಬಗ್ಗೆ ಇರುವ ಮೋಹಕ್ಕೆಲ್ಲ ಮೂಲ ಇದೇ. ಯೂರೋಪಿನ ಮಾನದಂಡದಲ್ಲಿ ಬಾಳಿಕೆಗೆ ಐದು ದರ್ಜೆಗಳಿವೆ. ರೊಬಿನಿಯಾದ ಚೇಗಿಗೆ ಒಂದರಿಂದ ಎರಡನೆಯ ದರ್ಜೆ, ತೇಗದ ಸಾಲಿಗೆ ಹತ್ತಿರ. ದಿಮ್ಮಿಯ ನಟ್ಟನಡುವಿನ, ಮರ ಎಳೆಯದಾಗಿದ್ದಾಗ ಬೆಳೆದ ಕೆಲವು ಉಂಗುರಗಳಲ್ಲಿ ಈ ಸರಕು ಕಡಿಮೆ. ಆದ್ದರಿಂದ ತೆಳು ಮರದ ಗಳುಗಳನ್ನು ಹಾಗೇ ನೆಟ್ಟವರಿಗೆ ನಿರಾಸೆಯಾಗುತ್ತದೆ. ದಪ್ಪ ಮರವನ್ನು ಸೀಳಿ ತೆಗೆದ ಕಂಬವೇ ಕಂಬ.

‘ಗಟ್ಟಿ ಮರ ಬಾಳಿಕೆ ಬರುತ್ತದೆ’ ಎಂಬ ಮಾತನ್ನು ಆಚಾರಿಗಳ ಬಾಯಲ್ಲೂ ಕೇಳುತ್ತೇವೆ. ಬ್ಲ್ಯಾಕ್ ಲೋಕಸ್ಟ್ ಗಟ್ಟಿಯೂ ಹೌದು, ಬಾಳಿಕೆಯೂ ಹೌದು. ಅದರಿಂದ ಈ ನಂಬಿಕೆ ಇನ್ನಷ್ಟು ಬೇರೂರುತ್ತದೆ. ಯೂರೋಪಿನ ಬೀಚ್ ಮರವನ್ನು ನೋಡಿ. ತೇಗಕ್ಕಿಂತ ಗಡಸು, ಆದರೆ ಹಸಿ ಮಣ್ಣಿಗೆ ಹೂತರೆ ಕೆಲವೇ ವರ್ಷಗಳಲ್ಲಿ ಲಡ್ಡು. ಬಾಳಿಕೆಯ ದರ್ಜೆಯಲ್ಲಿ ಅದಕ್ಕೆ ಕಡೆಯ ಸ್ಥಾನ. ತೂಕ, ಗಡಸುತನ ಒಂದು ಲೆಕ್ಕ, ಶಿಲೀಂಧ್ರಕ್ಕೆ ರುಚಿಸದಿರುವುದು ಇನ್ನೊಂದು ಲೆಕ್ಕ. ಹಾಗೆಯೇ ಚಂದ್ರನ ಲೆಕ್ಕ. ಕೃಷ್ಣಪಕ್ಷದಲ್ಲಿ ಕಡಿದ ಕಂಬ ಹೆಚ್ಚು ಬಾಳುತ್ತದೆ ಎಂದು ಅಮೆರಿಕದ ಹಳ್ಳಿಗಾಡಿನಲ್ಲೂ ಹೇಳುವವರಿದ್ದಾರೆ, ನಮ್ಮಲ್ಲಿ ಅಮಾವಾಸ್ಯೆ ನೋಡಿ ಬಿದಿರು ಕಡಿಯುವವರಿದ್ದಾರೆ. ಬಿದಿರಿನ ಹುಳಕ್ಕೆ ಬೇಕಾದ ಪಿಷ್ಟ ಋತುವಿಗೆ ತಕ್ಕಂತೆ ಏರಿಳಿಯುವುದು ನಿಜ. ಲೋಕಸ್ಟಿನ ಚೇಗಿನಲ್ಲಾದರೋ ವರ್ಷಗಟ್ಟಲೆ ಕೂಡಿಟ್ಟ ಸರಕನ್ನು ಒಂದು ತಿಥಿ ಏನು ಮಾಡೀತು?

ಈ ಮರದ ಬಾಳಿಕೆಯನ್ನು ಜನ ಕಂಡುಕೊಂಡದ್ದು ರಸಾಯನಶಾಸ್ತ್ರ ತಿಳಿಯುವ ಎಷ್ಟೋ ಮುಂಚೆ. ವರ್ಜೀನಿಯಾದ ಮೊದಲ ವಲಸಿಗರು ಅವಸರದಲ್ಲಿ ಕಟ್ಟಿದ ಮನೆಗಳ ಲೋಕಸ್ಟ್ ಕಂಬಗಳು ಸುಭದ್ರವಾಗಿದ್ದುದನ್ನು 18ನೆಯ ಶತಮಾನದ ನಿಸರ್ಗತಜ್ಞ ಮಾರ್ಕ್ ಕೇಟ್ಸ್‌ಬಿ ದಾಖಲಿಸಿದ್ದಾನೆ. ಹಡಗಿನ ಹಲಗೆ ಬಿಗಿಯಲು ಕಬ್ಬಿಣದ ಬದಲು ಹೊಡೆಯುತ್ತಿದ್ದ ಮರದ ಗೂಟಗಳಿಗೆ ಇದಕ್ಕಿಂತ ಒಳ್ಳೆಯ ಮರ ಹಡಗು ಕಟ್ಟುವವರಿಗೆ ಸಿಗಲಿಲ್ಲ. ಒಣಗುವಾಗ ಕುಗ್ಗುವುದು ಕಡಿಮೆ, ನೀರಿನಲ್ಲಿ ಕೊಳೆಯುವುದು ಕಡಿಮೆ. ಮುಂದೆ ತಂತಿ ಕಂಬಗಳು ಬಂದಾಗ ಗಾಜಿನ ಇನ್ಸುಲೇಟರು ಕೂರಿಸುವ ಗೂಟಗಳೂ ಇದರವೇ ಆದವು. ಯೂರೋಪಿಗೆ ಹೋಗಿ ಅಲ್ಲೂ ಹಬ್ಬಿತು. ಹಂಗೇರಿಯ ಕಾಡಿನಲ್ಲಿ ಸುಮಾರು ಕಾಲು ಭಾಗ ಇದೇ ಮರ. ‘ಅಕೇಶಿಯಾ ಜೇನು’ ಎಂದು ಯೂರೋಪಿನ ಅಂಗಡಿಗಳಲ್ಲಿ ಸಿಗುವ ತಿಳಿ ಬಣ್ಣದ ಜೇನು ಈ ಮರದ ಬಿಳಿ ಹೂವಿನದು, ನಮ್ಮ ಜಾಲಿಯದಲ್ಲ.

ಇಷ್ಟೆಲ್ಲ ಗುಣವಿದ್ದೂ ಅಗಲ ಹಲಗೆ ಸಿಗುವುದು ಅಪರೂಪ. ಸತ್ತ ಮರವನ್ನು ಕಾಯುವ ಚೇಗಿನ ಆ ಸರಕು ಬದುಕಿರುವ ಮರವನ್ನು ಪೂರ್ತಿ ಕಾಯಲಾರದು. ಲೋಕಸ್ಟ್ ಕೊರೆಹುಳ ಎಂಬ ಕಪ್ಪು ಹಳದಿ ಪಟ್ಟೆಯ ದುಂಬಿಯ ಮರಿಗಳು ನಿಂತ ಮರದೊಳಗೇ ಸುರಂಗ ಕೊರೆಯುತ್ತವೆ. ಆ ಗಾಯದಿಂದ ಒಳಹೊಕ್ಕು ಚೇಗನ್ನೇ ತಿನ್ನಲು ಪಳಗಿದ ಅಣಬೆಯೂ ಒಂದಿದೆ. ಪ್ರಕೃತಿಯಲ್ಲಿ ಮುರಿಯದ ಬೀಗ ಎಲ್ಲಿದೆ? ಕಾಂಡದ ಮೇಲೆ ಕಪ್ಪು, ಕಂದು ಗೊರಸಿನಾಕಾರದ ಅಣಬೆ ಮೂಡಿದ್ದರೆ ಗರಗಸದವರಿಗೆ ದುಡ್ಡು ಕೊಡುವ ಮುಂಚೆ ದಿಮ್ಮಿಯ ತುದಿ ಕತ್ತರಿಸಿ ನೋಡಿ, ಒಳಗೆ ಟೊಳ್ಳಿರಬಹುದು.

ಕೊಯ್ಯುವುದಾದರೆ ಹಸಿ ಇದ್ದಾಗಲೇ ಕೊಯ್ಸಿ, ಒಣಗಿದ ಮೇಲೆ ಅಲಗು ಬೇಗ ಮೊಂಡಾಗುತ್ತದೆ. ದಿಮ್ಮಿಯ ತುದಿಗಳಿಗೆ ಮೇಣವನ್ನೋ ಬಣ್ಣವನ್ನೋ ಬಳಿಯದಿದ್ದರೆ ಸೀಳು ಬಿಡುತ್ತದೆ. ಸ್ಕ್ರೂ ಹಾಕುವ ಮೊದಲು ತೂತು ಕೊರೆಯಲೇಬೇಕು. ಹೊರಗಿನ ಬಿಳಿ ಭಾಗ ಬೇಗ ಕೊಳೆಯುವುದರಿಂದ ಮಣ್ಣಿಗೆ ಹೋಗುವ ಕಡೆ ಅದನ್ನು ಕೆತ್ತಿಹಾಕಿ. ಹಸಿ ತೊಗಟೆಯಲ್ಲಿ ವಿಷವಿದೆ, ಅದನ್ನು ಕಡಿದ ಕುದುರೆಗಳು ಕಾಯಿಲೆ ಬಿದ್ದದ್ದುಂಟು. ತೊಗಟೆ ಚೂರುಗಳನ್ನು ದನ ಕುದುರೆಗಳ ಬಾಯಿಗೆ ಸಿಗುವಂತೆ ರಾಶಿ ಹಾಕಬೇಡಿ. ದಿಮ್ಮಿ ಹೊಳೆಯದೆ ಹನಿ ಲೋಕಸ್ಟ್ ಎಂದಾದರೂ ಸೌದೆಗೆ ಸೀಳಬೇಡಿ. ಅದರ ಕೆಂಪು ಛಾಯೆಯ ಚೇಗು ಮನೆಯೊಳಗಿನ ಮೇಜಿಗೆ, ಪೆಟ್ಟಿಗೆಗೆ ಬಹಳ ಚೆಂದ. ಮಳೆಯಲ್ಲಿ ಮಾತ್ರ ನಿಲ್ಲಿಸಬೇಡಿ.

ಟಾರ್ಚನ್ನು ನಂಬುವಾಗ ಒಂದು ಎಚ್ಚರಿಕೆ. ಅಮೆರಿಕದಲ್ಲಿ ಓಸೇಜ್ ಆರೆಂಜ್ ಎಂಬ ಮರದ ಹಳದಿ ಚೇಗೂ ಹೀಗೇ ಹೊಳೆಯುತ್ತದೆ, ಅದರ ರಂಧ್ರಗಳೂ ಹೀಗೇ ಮುಚ್ಚಿರುತ್ತವೆ. ಒಂದು ಬಟ್ಟಲು ಬಿಸಿ ನೀರಿಗೆ ಒಂದಿಷ್ಟು ಹತ್ತರಿ ಹಾಕಿ. ನೀರು ಕೂಡಲೇ ಗಾಢ ಹಳದಿಯಾದರೆ ಅದು ಓಸೇಜ್ ಆರೆಂಜ್, ಬಿಲ್ಲು ಮಾಡುವವರು ಹುಡುಕಿಕೊಂಡು ಬರುವ ಮರ. ಅದನ್ನೂ ಧೈರ್ಯವಾಗಿ ಮಣ್ಣಿಗೆ ನೆಡಬಹುದು.